ಫೀಡ್ ರೀಡರ್: ಆಯ್ಕೆ ಓದುಗನದೇ

ಇಷ್ಟದ ಜಾಲತಾಣಗಳಲ್ಲಿ ಹೊಸದೇನು ಬಂತೆಂದು ದಿನವೂ ಒಂದೊಂದನ್ನೇ ತೆರೆದು ನೋಡುವುದು ಬೇಸರದ ಕೆಲಸ. ಫೇಸ್‌ಬುಕ್‌ನಲ್ಲೋ ಎಕ್ಸ್‌ನಲ್ಲೋ ಫಾಲೋ ಮಾಡಿದರೂ ಎಲ್ಲವೂ ಕಣ್ಣಿಗೆ ಬೀಳುವ ಖಾತ್ರಿಯಿಲ್ಲ. ಯಾವುದನ್ನು ಮುಂದಿಡಬೇಕೆಂದು ಅಲ್ಲಿನ ಅಲ್ಗಾರಿದಮ್ ತೀರ್ಮಾನಿಸುತ್ತದೆ. ಈ ಮಧ್ಯವರ್ತಿಯ ಹಂಗಿಲ್ಲದ ಏರ್ಪಾಟೊಂದು 1999ರಿಂದಲೇ ಇದೆ. ಅದೇ ವೆಬ್ ಫೀಡ್.

ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಡ್ಯಾನ್ ಲಿಬ್ಬಿ ಮತ್ತು ಮದ್ರಾಸ್ ಐಐಟಿಯಲ್ಲಿ ಓದಿದ್ದ ರಾಮನಾಥನ್ ಗುಹಾ ಇದರ ಮೊದಲ ರೂಪ ಸಿದ್ಧಪಡಿಸಿದರು. ಹೆಸರು ಆರ್‌ಎಸ್‌ಎಸ್ (ಸಂಘಕ್ಕೂ ಇದಕ್ಕೂ ನಂಟಿಲ್ಲ!). 2002ರಲ್ಲಿ ತಂತ್ರಾಂಶ ತಜ್ಞ ಡೇವ್ ವೈನರ್ ಅದರ 2.0 ಆವೃತ್ತಿ ಹೊರತಂದರು. ಆಟಮ್ ಎಂಬ ಇನ್ನೊಂದು ಮಾದರಿಯೂ ಇದೆ. ಬಳಸುವವರಿಗೆ ಎರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಫೀಡ್ ಎಂದರೆ ತಾಣದ ಸರ್ವರ್‌ನಲ್ಲಿರುವ ಒಂದು ಎಕ್ಸ್‌ಎಂಎಲ್ ಕಡತ, ಅಷ್ಟೇ. ತೆರೆದರೆ ಬಣ್ಣವಿಲ್ಲ, ವಿನ್ಯಾಸವಿಲ್ಲ. ಮೇಲೆ ತಾಣದ ಹೆಸರು, ಕೆಳಗೆ ಈಚಿನ ಕೆಲವು ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕ, ಸಾರಾಂಶ. ಜೊತೆಗೆ ಪ್ರತಿ ಬರಹಕ್ಕೂ ಸಾಮಾನ್ಯವಾಗಿ ಒಂದು ಪ್ರತ್ಯೇಕ ಗುರುತು. ಫೀಡ್‌ಗಳನ್ನು ಒಂದೆಡೆ ತೋರಿಸುವ ತಂತ್ರಾಂಶ, ಅಂದರೆ ನಮ್ಮ ಫೀಡ್ ರೀಡರ್, ಈ ಗುರುತುಗಳನ್ನು ನೆನಪಿಟ್ಟುಕೊಂಡಿರುತ್ತದೆ. ಹಿಂದೆ ಕಾಣದ ಗುರುತು ಸಿಕ್ಕರೆ ಅದು ಹೊಸ ಬರಹ. ತಾಣದವರು ವ್ಯವಸ್ಥೆ ಬದಲಿಸುವಾಗ ಗುರುತುಗಳೂ ಬದಲಾದರೆ ಹಳೆಯ ಬರಹಗಳೆಲ್ಲ ಹೊಸ ವೇಷ ತೊಟ್ಟು ಮತ್ತೆ ಬಂದು ಕೂರುವುದೂ ಉಂಟು.

ಸ್ವಾರಸ್ಯವೆಂದರೆ, ತಾಣ ತಾನಾಗಿ ನಮಗೇನನ್ನೂ ಕಳಿಸುವುದಿಲ್ಲ. ರೀಡರೇ ಆಗಾಗ ಹೋಗಿ ವಿಚಾರಿಸುತ್ತದೆ. ಕಳೆದ ಸಲ ಕಡತದ ಜೊತೆ ಸರ್ವರ್ ಕೊಟ್ಟಿದ್ದ 'ಇಟ್ಯಾಗ್' ಎಂಬ ಸಂಕೇತವನ್ನು ಅದು ಮರಳಿ ತೋರಿಸುತ್ತದೆ. ಕಡತ ಬದಲಾಗಿರದಿದ್ದರೆ ಸರ್ವರ್ '304' ಎಂದಷ್ಟೇ ಉತ್ತರಿಸಿ ಸುಮ್ಮನಾಗುತ್ತದೆ. ಇಡೀ ಕಡತ ಮತ್ತೆ ರವಾನೆಯಾಗುವುದಿಲ್ಲ. ಹೀಗಾಗಿ ಡೇಟಾ ಖರ್ಚು ಅತ್ಯಲ್ಪ. ತಾಣಕ್ಕೆ ನಮ್ಮ ಇಮೇಲ್ ವಿಳಾಸವನ್ನೂ ಕೊಡಬೇಕಿಲ್ಲ. ಸಾಕೆನಿಸಿದರೆ ಪಟ್ಟಿಯಿಂದ ಅಳಿಸಿದರಾಯಿತು, ಯಾರ ಅಪ್ಪಣೆಯೂ ಬೇಡ.

ಜನಪ್ರಿಯವಾಗಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ಫೀಡ್‌ಗಳ ಕಥೆ ಮುಗಿಯಿತೆಂದವರು ಬಹಳ. ಮುಗಿಯಲಿಲ್ಲ. ಪಾಡ್‌ಕಾಸ್ಟ್‌ಗಳು ಇಂದಿಗೂ ಆರ್‌ಎಸ್‌ಎಸ್ ಮೇಲೆಯೇ ನಡೆಯುತ್ತಿವೆ; ಅಲ್ಲಿ ಬರಹದ ಜಾಗದಲ್ಲಿ ಧ್ವನಿ ಕಡತದ ವಿಳಾಸವಿರುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ವಿಕಿಪೀಡಿಯ ಪುಟಗಳ ಇತಿಹಾಸಕ್ಕೂ ಫೀಡ್ ಇದೆ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ಭೂಕಂಪದ ಮಾಹಿತಿಯನ್ನೂ ಫೀಡ್ ಮೂಲಕ ಒದಗಿಸುತ್ತದೆ.

ಶುರು ಮಾಡುವುದು ಸುಲಭ. ಫೀಡ್ಲಿ, ಇನೋರೀಡರ್, ಥಂಡರ್‌ಬರ್ಡ್‌ನಂಥ ಯಾವುದಾದರೊಂದರಲ್ಲಿ ತಾಣದ ವಿಳಾಸ ಹಾಕಿ. ಫೀಡ್ ಇದ್ದರೆ ಬಹುತೇಕ ಅದೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ, ವರ್ಡ್‌ಪ್ರೆಸ್ ತಾಣವಾದರೆ, ವಿಳಾಸದ ಕೊನೆಗೆ ಓರೆಗೆರೆ ಎಳೆದು ಇಂಗ್ಲಿಷಿನಲ್ಲಿ 'ಫೀಡ್' ಎಂದು ಸೇರಿಸಿ ನೋಡಿ. ಪಟ್ಟಿ ಬೆಳೆದ ಮೇಲೆ ಅದನ್ನು ಒಪಿಎಂಎಲ್ ಕಡತವಾಗಿ ಇಳಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ನಾಳೆ ಆ ರೀಡರ್ ಬಾಗಿಲು ಹಾಕಿದರೂ ಪಟ್ಟಿಯನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಹುದು.