ಹಾಲಿನ ಪರೀಕ್ಷೆ: ಶಿಕ್ಷಣ ಸಂಶೋಧನೆಯ ಒಂದು ಪಾಠ

ಶಾಲೆಯಲ್ಲಿ ಮಕ್ಕಳಿಗೆ ದಿನವೂ ಹಾಲು ಕೊಟ್ಟರೆ ಅವರ ಬೆಳವಣಿಗೆ ಹೆಚ್ಚುವುದೇ? ಹೆಚ್ಚುವುದಾದರೆ ಎಷ್ಟು? ಕೇಳುವುದಕ್ಕೆ ಇದು ಬಹು ಸುಲಭವಾದ ಪ್ರಶ್ನೆ. ಕೆಲವು ಮಕ್ಕಳಿಗೆ ಹಾಲು ಕೊಟ್ಟು, ಕೆಲವರಿಗೆ ಕೊಡದೆ, ನಾಲ್ಕಾರು ತಿಂಗಳ ಅನಂತರ ಎಲ್ಲರನ್ನೂ ತೂಗಿ ನೋಡಿದರೆ ಉತ್ತರ ತಾನಾಗಿಯೇ ದೊರೆಯುವುದೆಂದು ನಮಗೆ ತೋರುತ್ತದೆ. ಆದರೆ ಈ ಸುಲಭವಾದ ಪ್ರಶ್ನೆಯೇ ಒಮ್ಮೆ ಇಪ್ಪತ್ತು ಸಾವಿರ ಮಕ್ಕಳನ್ನು ತೂಗಿ ಅಳೆದವರ ಕೈಯಿಂದಲೂ ನುಣುಚಿಕೊಂಡಿತು.

ಬಿ.ಎಡ್. ಮುಗಿಸಿ ಎಂ.ಎಡ್. ವ್ಯಾಸಂಗಕ್ಕೆ ಸೇರುವವರು ಸಂಶೋಧನಾ ವಿಧಾನಗಳೆಂಬ ವಿಷಯವನ್ನು ಅಭ್ಯಾಸ ಮಾಡಬೇಕಾಗುತ್ತದೆ. ಸೂತ್ರಗಳೂ ಕೋಷ್ಟಕಗಳೂ ತುಂಬಿದ ಒಣ ವಿಷಯವೆಂದು ಅದಕ್ಕೆ ಅಂಜುವವರು ಅನೇಕರು. ಸೂತ್ರಗಳು ಬೇಕು, ನಿಜ. ಆದರೆ ಆ ಶಾಸ್ತ್ರದ ತಿರುಳನ್ನು ಗ್ರಹಿಸುವುದಕ್ಕೆ ಮೇಲೆ ಹೇಳಿದ ಹಾಲಿನ ಪರೀಕ್ಷೆಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ.

1930ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್ ಪ್ರಾಂತದ 67 ಶಾಲೆಗಳಲ್ಲಿ ಈ ಪರೀಕ್ಷೆ ನಡೆಯಿತು. ಹತ್ತು ಸಾವಿರ ಮಕ್ಕಳಿಗೆ ದಿನವೂ ಮುಕ್ಕಾಲು ಪೈಂಟು, ಎಂದರೆ ಸುಮಾರು 425 ಮಿಲಿಲೀಟರು ಹಾಲು. ಅವರಲ್ಲಿ ಅರ್ಧದಷ್ಟು ಮಂದಿಗೆ ಹಸಿ ಹಾಲು. ಉಳಿದವರಿಗೆ ಪಾಶ್ಚರೀಕರಿಸಿದ ಹಾಲು. ಇನ್ನು ಹತ್ತು ಸಾವಿರ ಮಕ್ಕಳಿಗೆ ಹಾಲಿಲ್ಲ; ಇವರು ಹೋಲಿಕೆಯ ಗುಂಪು. ಫೆಬ್ರವರಿಯಲ್ಲಿ ಒಮ್ಮೆ, ಜೂನ್‌ನಲ್ಲಿ ಮತ್ತೊಮ್ಮೆ ಎಲ್ಲರ ಎತ್ತರವನ್ನೂ ತೂಕವನ್ನೂ ಅಳೆದರು. ಹಾಲು ಕುಡಿದವರು ಹೆಚ್ಚು ಬೆಳೆದಿದ್ದಾರೆಂದು ವರದಿ ಹೊರಬಿದ್ದಿತು.

ಮರುವರ್ಷ, 1931ರಲ್ಲಿ, ‘ಸ್ಟೂಡೆಂಟ್’ ಎಂಬ ಅಂಕಿತನಾಮದವರೊಬ್ಬರು ಈ ಪರೀಕ್ಷೆಯನ್ನು ವಿಮರ್ಶಿಸಿ ಬರೆದರು. ಅವರ ನಿಜವಾದ ಹೆಸರು ವಿಲಿಯಂ ಗಾಸೆಟ್. ಡಬ್ಲಿನ್ ನಗರದ ಗಿನ್ನೆಸ್ ಮದ್ಯ ತಯಾರಿಕೆಯ ಕಾರಖಾನೆಯಲ್ಲಿ ಅವರಿಗೆ ಉದ್ಯೋಗ. ಸಂಖ್ಯಾಶಾಸ್ತ್ರವನ್ನು ಓದುವವರೆಲ್ಲರೂ ಕಲಿಯುವ ‘ಟಿ’ ಪರೀಕ್ಷೆಗೆ ಮೂಲವಾದ ಲೇಖನವನ್ನು 1908ರಲ್ಲಿ ಪ್ರಕಟಿಸಿದವರು ಇವರೇ.

ಗಾಸೆಟ್ಟರು ಎತ್ತಿ ತೋರಿಸಿದ ಮೊದಲನೆಯ ದೋಷ ಇದು. ಯಾರಿಗೆ ಹಾಲು, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿಯೋ ಹೆಸರುಗಳ ಅಕ್ಷರಕ್ರಮದಿಂದಲೋ ನಿರ್ಧರಿಸುವುದೆಂದು ನಿಯಮವಿದ್ದಿತು. ಆದರೆ ಒಂದು ಗುಂಪಿನಲ್ಲಿ ಪುಷ್ಟರಾದ ಮಕ್ಕಳೋ ಬಡಕಲು ಮಕ್ಕಳೋ ಅತಿಯಾಗಿ ಸೇರಿದ್ದಾರೆಂದು ಕಂಡುಬಂದರೆ ಕೆಲವರನ್ನು ಬದಲಾಯಿಸಬಹುದೆಂದು ಉಪಾಧ್ಯಾಯರಿಗೆ ಅನುಮತಿಯನ್ನೂ ಕೊಟ್ಟಿದ್ದರು. ಗುಂಪುಗಳು ಸರಿಸಮವಾಗಲೆಂಬುದು ಇದರ ಉದ್ದೇಶ. ಫಲ ಮಾತ್ರ ವಿಪರೀತವಾಯಿತು. ಪರೀಕ್ಷೆಯ ಆರಂಭದಲ್ಲಿಯೇ ಹಾಲಿಲ್ಲದ ಗುಂಪಿನ ಮಕ್ಕಳು ತೂಕದಲ್ಲಿ ಸುಮಾರು ಮೂರು ತಿಂಗಳ ಬೆಳವಣಿಗೆಯಷ್ಟು, ಎತ್ತರದಲ್ಲಿ ಸುಮಾರು ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು! ಉಪಾಧ್ಯಾಯರು ತಮಗರಿವಿಲ್ಲದೆಯೇ ಬಡ ಮಕ್ಕಳನ್ನು ಹಾಲಿನ ಕಡೆಗೆ ಸರಿಸಿದ್ದಿರಬೇಕೆಂದು ಗಾಸೆಟ್ಟರು ಊಹಿಸಿದರು. ಹಸಿದ ಮಗುವಿಗೆ ಹಾಲು ಸಿಗಲೆಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬಳಿಕ ಎರಡು ಗುಂಪುಗಳನ್ನು ಹೋಲಿಸಿ ಹಾಲಿನ ಗುಣವನ್ನು ಲೆಕ್ಕ ಹಾಕುವುದು ಸಲ್ಲದು.

ಎರಡನೆಯ ದೋಷ ಉಡುಪಿಗೆ ಸಂಬಂಧಿಸಿದ್ದು. ಮಕ್ಕಳನ್ನು ಬಟ್ಟೆಯೊಡನೆ ತೂಗಿದ್ದರು. ಫೆಬ್ರವರಿ ಅಲ್ಲಿ ಕಡುಚಳಿಯ ಕಾಲ, ಜೂನ್ ಬೇಸಗೆ. ಅನುಕೂಲಸ್ಥರ ಮಗು ಚಳಿಗಾಲದಲ್ಲಿ ದಪ್ಪ ಉಣ್ಣೆಯ ಉಡುಪನ್ನು ಧರಿಸಿ, ಬೇಸಗೆಯಲ್ಲಿ ಅದನ್ನು ತೆಗೆದಿಡುತ್ತದೆ. ಬಡವರ ಮಗುವಿಗೆ ಎರಡು ಕಾಲಕ್ಕೂ ಬಹುಮಟ್ಟಿಗೆ ಒಂದೇ ಉಡುಪು. ಇಬ್ಬರೂ ಒಂದೊಂದು ಕಿಲೋಗ್ರಾಂ ಬೆಳೆದರೆಂದು ಭಾವಿಸೋಣ. ಮೊದಲನೆಯ ಮಗು ಅರ್ಧ ಕಿಲೋಗ್ರಾಂ ಉಡುಪನ್ನು ಕಳಚಿದ್ದರೆ, ತಕ್ಕಡಿಗೆ ಅದು ಅರ್ಧ ಕಿಲೋಗ್ರಾಂ ಮಾತ್ರ ಬೆಳೆದಂತೆ ಕಾಣುತ್ತದೆ. ಹಾಲಿನ ಗುಂಪಿನಲ್ಲಿ ಬಡ ಮಕ್ಕಳೇ ಹೆಚ್ಚಾಗಿದ್ದರೆ, ಬಟ್ಟೆಯಿಂದಾದ ವ್ಯತ್ಯಾಸವೂ ಹಾಲಿನ ಲೆಕ್ಕಕ್ಕೇ ಜಮೆಯಾಗುವುದು.

ಮೂರನೆಯದಾಗಿ, ಒಂದು ಶಾಲೆಗೆ ಒಂದೇ ಬಗೆಯ ಹಾಲನ್ನು ಒದಗಿಸಿದ್ದರು. ಆದುದರಿಂದ ಹಸಿ ಹಾಲಿಗೂ ಪಾಶ್ಚರೀಕರಿಸಿದ ಹಾಲಿಗೂ ಇರುವ ಅಂತರವನ್ನು ಅಳೆಯಹೊರಟರೆ, ಶಾಲೆ ಶಾಲೆಗಳ ನಡುವಿನ ಅಂತರವೂ ಅದರೊಳಗೆ ಬೆರೆತುಹೋಗುತ್ತಿದ್ದಿತು.

ಹಾಲಿನಿಂದ ಪ್ರಯೋಜನವಿಲ್ಲವೆಂದು ಗಾಸೆಟ್ಟರು ಹೇಳಲಿಲ್ಲ. ಎಷ್ಟು ಪ್ರಯೋಜನವೆಂಬುದನ್ನು ಈ ಅಂಕೆಗಳಿಂದ ತಿಳಿಯಲಾಗದು ಎಂಬುದೇ ಅವರ ವಾದ. ಪರೀಕ್ಷೆಗೆ ಆಗಿದ್ದ ವೆಚ್ಚ ಸುಮಾರು 7,500 ಪೌಂಡು. ಅದರ ನೂರನೆಯ ಒಂದೆರಡು ಪಾಲಿನಲ್ಲಿ, 50 ಜೊತೆ ತದ್ರೂಪಿ ಅವಳಿ ಮಕ್ಕಳನ್ನು ಆರಿಸಿ, ಪ್ರತಿ ಜೊತೆಯಲ್ಲಿಯೂ ಒಬ್ಬರಿಗೆ ಹಾಲು ಕೊಟ್ಟಿದ್ದರೆ ಇನ್ನೂ ನಂಬಲರ್ಹವಾದ ಉತ್ತರ ದೊರೆಯುತ್ತಿತ್ತೆಂದು ಅವರು ಸೂಚಿಸಿದರು. ಅವಳಿಗಳಿಗೆ ವಂಶವೂ ಒಂದು, ಮನೆಯೂ ಒಂದು, ವಯಸ್ಸೂ ಒಂದು, ಹಾಲೊಂದೇ ಬೇರೆ.

ಇಪ್ಪತ್ತು ಸಾವಿರಕ್ಕಿಂತ ನೂರು ಮೇಲಾಗುವುದೆಂತು ಎಂಬ ಸಂದೇಹ ನಿಮಗೆ ಬರಬಹುದು. ಅಂಕೆಗಳಲ್ಲಿ ಎರಡು ಬಗೆಯ ದೋಷಗಳು ನುಸುಳುತ್ತವೆ. ಮೊದಲನೆಯದು ಆಕಸ್ಮಿಕದಿಂದ ಬಂದದ್ದು. ಸಂಖ್ಯೆ ಹೆಚ್ಚಿದಂತೆ ಅದು ಕುಗ್ಗುತ್ತದೆ. ಎರಡನೆಯದು ಒಂದೇ ಕಡೆಗೆ ವಾಲಿದ ದೋಷ. ಲಕ್ಷ ಮಕ್ಕಳನ್ನು ತೂಗಿದರೂ ಅದು ಕುಗ್ಗದು. ಸುಳ್ಳು ತಕ್ಕಡಿಯಲ್ಲಿ ನೂರು ಸಲ ತೂಗಿದರೆ ನೂರು ಸಲವೂ ಸುಳ್ಳು ತೂಕವೇ.

ಈ ಪಾಠವನ್ನು ಚೆನ್ನಾಗಿ ಅರಿತು ನಡೆಸಿದ ಪರೀಕ್ಷೆಗೆ ಅಮೆರಿಕದ ಟೆನೆಸ್ಸೀ ಸಂಸ್ಥಾನದಲ್ಲಿ 1985ರಲ್ಲಿ ಆರಂಭವಾದ ‘ಸ್ಟಾರ್’ ಯೋಜನೆ ನಿದರ್ಶನವಾಗಿದೆ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಮೆಯಾದರೆ ಕಲಿಕೆ ಹೆಚ್ಚುವುದೇ ಎಂಬುದು ಅಲ್ಲಿನ ಪ್ರಶ್ನೆ. ಮೊದಲ ವರ್ಷ 79 ಶಾಲೆಗಳು ಸೇರಿದವು. ಪ್ರತಿ ಶಾಲೆಯಲ್ಲಿಯೂ ಮೂರು ಬಗೆಯ ತರಗತಿಗಳು: 13ರಿಂದ 17 ಮಕ್ಕಳ ಚಿಕ್ಕ ತರಗತಿ, 22ರಿಂದ 25 ಮಕ್ಕಳ ಸಾಮಾನ್ಯ ತರಗತಿ, ಮತ್ತು ಸಹಾಯಕರೊಬ್ಬರಿರುವ ಸಾಮಾನ್ಯ ತರಗತಿ. ಮಕ್ಕಳನ್ನೂ ಉಪಾಧ್ಯಾಯರನ್ನೂ ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ಹಂಚಿದರು. ನಾಲ್ಕು ವರ್ಷಗಳಲ್ಲಿ ಸುಮಾರು 11,600 ಮಕ್ಕಳು ಇದರಲ್ಲಿ ಪಾಲ್ಗೊಂಡರು. ಚಿಕ್ಕ ತರಗತಿಯವರು ಓದಿನಲ್ಲಿಯೂ ಗಣಿತದಲ್ಲಿಯೂ ಮುಂದೆ ಬಂದರು. ಸಹಾಯಕರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಆದರೂ ಸಂಶೋಧಕನ ಎಚ್ಚರ ಇಲ್ಲಿಗೆ ಮುಗಿಯುವಂತಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಎಳೆಯ ಮಕ್ಕಳ ತರಗತಿಗಳನ್ನು 20ಕ್ಕೆ ಇಳಿಸಲು ಒಮ್ಮೆಲೇ ಹೊರಟಿತು. ಅಷ್ಟು ತರಗತಿಗಳಿಗೆ ತರಬೇತಾದ ಉಪಾಧ್ಯಾಯರು ಸಿಗಲಿಲ್ಲ. ಪೂರ್ಣ ಅರ್ಹತೆ ಇಲ್ಲದವರನ್ನೂ ಬಹಳವಾಗಿ ನೇಮಿಸಬೇಕಾಯಿತು. ಟೆನೆಸ್ಸೀಯಲ್ಲಿ ಕಂಡಷ್ಟು ಸ್ಪಷ್ಟವಾದ ಫಲ ಅಲ್ಲಿ ಕಾಣಲಿಲ್ಲ. ಒಂದೆಡೆ ನಿಜವಾದದ್ದು ಇನ್ನೊಂದೆಡೆಯೂ ನಿಜವಾಗಬೇಕಾದರೆ ಸನ್ನಿವೇಶವೂ ಹೊಂದಬೇಕು.

ನಮ್ಮ ನಾಡಿಗೆ ಬರೋಣ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳಿಗೆ ಹಾಲು ಕೊಡುವ ‘ಕ್ಷೀರಭಾಗ್ಯ’ ಯೋಜನೆ 2013ರಲ್ಲಿ ಆರಂಭವಾಯಿತು. ಇಂಥ ಯೋಜನೆಯ ಫಲವನ್ನು ಅಳೆಯಬೇಕೆಂದು ಎಂ.ಎಡ್. ವಿದ್ಯಾರ್ಥಿನಿಯೊಬ್ಬಳು ಹೊರಟಳೆನ್ನಿ. ಮೊದಲು ತೂಗಿ, ವರ್ಷದ ಕೊನೆಗೆ ಮತ್ತೆ ತೂಗಿದರೆ ಸಾಲದು. ಹಾಲಿಲ್ಲದಿದ್ದರೂ ಮಕ್ಕಳು ಬೆಳೆಯುತ್ತಾರೆ. ಖಾಸಗಿ ಶಾಲೆಯ ಮಕ್ಕಳೊಡನೆ ಹೋಲಿಸಿದರೂ ಸಾಲದು. ಅವರ ಮನೆಯ ಊಟವೇ ಬೇರೆ. ಹೋಲಿಕೆಗಾಗಿ ಹಸಿದ ಮಕ್ಕಳ ಹಾಲನ್ನು ತಪ್ಪಿಸುವುದಂತೂ ಧರ್ಮವಲ್ಲ. ಆದರೆ ಹೊಸ ಯೋಜನೆಯೊಂದನ್ನು ಹೇಗೂ ಹಂತ ಹಂತವಾಗಿ ಹರಡಬೇಕಾಗಿದ್ದಲ್ಲಿ, ಯಾವ ಶಾಲೆಗೆ ಮೊದಲು, ಯಾವುದಕ್ಕೆ ಅನಂತರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬಹುದು. ಆಗ ಕಾಯುತ್ತಿರುವ ಶಾಲೆಗಳೇ ಹೋಲಿಕೆಯ ಗುಂಪಾಗುತ್ತವೆ. ಯಾರಿಗೂ ಕೊನೆಯವರೆಗೆ ತಪ್ಪುವುದಿಲ್ಲ.

ಈ ವಿಚಾರಗಳನ್ನು ನೀವೇ ಪರೀಕ್ಷಿಸಿ ನೋಡಬಹುದು. ತರಗತಿಯಲ್ಲಿ 40 ಮಂದಿ ಇದ್ದರೆ ಎಲ್ಲರ ಎತ್ತರವನ್ನೂ ಅಳೆದು ಚೀಟಿಗಳಲ್ಲಿ ಬರೆಯಿರಿ. ಚೀಟಿಗಳನ್ನು ಕಲಸಿ ಇಪ್ಪತ್ತಿಪ್ಪತ್ತರ ಎರಡು ಗುಂಪು ಮಾಡಿ, ಎರಡರ ಸರಾಸರಿಯನ್ನೂ ಲೆಕ್ಕ ಹಾಕಿರಿ. ಹತ್ತು ಸಲ ಹೀಗೆ ಮಾಡಿದರೆ, ಯಾರೂ ಏನನ್ನೂ ಕುಡಿಯದೆಯೇ, ಒಮ್ಮೆ ಈ ಗುಂಪು, ಒಮ್ಮೆ ಆ ಗುಂಪು ಎತ್ತರವಾಗುವುದನ್ನು ಕಾಣುವಿರಿ. ಆಕಸ್ಮಿಕದ ಆಟ ಇದು. ಅನಂತರ ನಿಮಗೆ ಇಷ್ಟಬಂದಂತೆ ನಾಲ್ಕು ಚೀಟಿಗಳನ್ನು ಆ ಕಡೆಯಿಂದ ಈ ಕಡೆಗೆ ಬದಲಾಯಿಸಿ ನೋಡಿರಿ. ಸರಾಸರಿ ನಿಮ್ಮ ಮಾತು ಕೇಳತೊಡಗುತ್ತದೆ!

ಹೊಸ ಪಾಠಕ್ರಮದಿಂದ, ಹೊಸ ಯಂತ್ರದಿಂದ, ಹೊಸ ಪರೀಕ್ಷಾ ಪದ್ಧತಿಯಿಂದ ಮಕ್ಕಳ ಕಲಿಕೆ ಹೆಚ್ಚಿತೆಂಬ ಮಾತುಗಳು ದಿನವೂ ನಮ್ಮ ಕಿವಿಗೆ ಬೀಳುತ್ತವೆ. ಅಂಥ ಮಾತು ಕೇಳಿದಾಗ, ಯಾರೊಡನೆ ಹೋಲಿಸಿದರು, ಗುಂಪುಗಳನ್ನು ಯಾರು ಹೇಗೆ ಆರಿಸಿದರು, ಯಾವ ಅಳತೆಗೋಲಿನಿಂದ ಅಳೆದರು, ಇಲ್ಲಿ ಕಂಡದ್ದು ನಮ್ಮ ಊರಿನ ಶಾಲೆಗೆ ಹೊಂದುವುದೇ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಈಗಿನಿಂದಲೇ ಮಾಡಿಕೊಳ್ಳಬೇಕು. ನಾಳೆ ನಿಮ್ಮಲ್ಲಿ ಕೆಲವರು ಉಪಾಧ್ಯಾಯರಾಗುವಿರಿ, ಅನೇಕರು ತಂದೆತಾಯಿಗಳಾಗುವಿರಿ. ಶಾಲೆಗೆ ಬರುವ ಮಕ್ಕಳಿಗೆ ಏನನ್ನು ಕೊಡಬೇಕೆಂದು ತೀರ್ಮಾನಿಸುವ ಹೊಣೆ ಆಗ ನಿಮ್ಮದು.