ಕವಿಗೋಷ್ಠಿಯಲ್ಲಿ ಕೇಳುಗರಿಗೇನು ಕೆಲಸ?

ಪುಣೆಯಲ್ಲಿ ನಾವು ಒಂದಿಷ್ಟು ಕನ್ನಡದವರು ಕವಿಗೋಷ್ಠಿ ಮಾಡಿದಾಗೆಲ್ಲ ಒಂದೇ ಕತೆ: ತಮ್ಮ ಕವಿತೆ ಓದಿದವರು ಹೊರಟುಬಿಡ್ತಾರೆ, ಕೊನೆಯವರು ಖಾಲಿ ಕುರ್ಚಿಗಳಿಗೆ ಓದ್ತಾರೆ.

ಸಪ್ಪೆ ಕವಿತಾ ವಾಚನಗಳಿಂದ ಬೇಸತ್ತ ಶಿಕಾಗೊದ ಮಾರ್ಕ್ ಸ್ಮಿತ್, 1986ರಲ್ಲಿ ಗ್ರೀನ್ ಮಿಲ್ ಅನ್ನೋ ಜಾಝ್ ಕ್ಲಬ್ಬಿನಲ್ಲಿ ‘ಪೊಯೆಟ್ರಿ ಸ್ಲ್ಯಾಮ್’ ಶುರು ಮಾಡಿದರು. ಈಗ ಹೆಚ್ಚಿನ ಕಡೆ ಅದರ ನಿಯಮ ಇಷ್ಟೇ: ಒಬ್ಬರಿಗೆ 3 ನಿಮಿಷ. ಸಭಿಕರಲ್ಲೇ 5 ಜನ ತೀರ್ಪುಗಾರರು. ಪ್ರತಿಯೊಬ್ಬರೂ 10ಕ್ಕೆ ಅಂಕ ಕೊಡ್ತಾರೆ; ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸ್ತಾರೆ. ಹಾಗಾಗಿ ಒಬ್ಬ ಗೆಳೆಯನ ಪ್ರೀತಿಯಾಗಲಿ, ಒಬ್ಬರ ಸಿಟ್ಟಾಗಲಿ ಲೆಕ್ಕ ಕೆಡಿಸಲ್ಲ.

ನನಗೆ ಅಂಕ ಮುಖ್ಯ ಅಲ್ಲ. ಅಂಕ ಕೊಡೋಕೆ ಕೂತವರು ಕೊನೇತನಕ ಕೇಳಲೇಬೇಕಲ್ಲ, ಅದು ಮುಖ್ಯ. ಮುಂದಿನ ಸಲ ನಾವೂ ಐದು ಚೀಟಿ ಹಂಚ್ತೀವಿ. ಕವಿತೆ ಬರೆಯದಿದ್ರೂ ಪರವಾಗಿಲ್ಲ, ಕೇಳೋಕೆ ಬನ್ನಿ.