ಹಳೆಯ ವಿಳಾಸದ ಋಣ

ಅಚ್ಚಾದ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಗ್ರಂಥಕರ್ತನು ಕೊಟ್ಟ ಜಾಲವಿಳಾಸವನ್ನು ಹತ್ತು ವರ್ಷಗಳ ತರುವಾಯ ಓದುಗನೊಬ್ಬನು ಒಂದು ಅಕ್ಷರವೂ ತಪ್ಪದಂತೆ ಬೆರಳಚ್ಚಿಸಿ, ಅಲ್ಲಿ 404 ಎಂಬ ಸಂಖ್ಯೆಯನ್ನೂ ‘ಪುಟ ಸಿಗಲಿಲ್ಲ’ ಎಂಬ ಒಕ್ಕಣೆಯನ್ನೂ ಮಾತ್ರವೇ ಕಂಡನಾದರೆ, ಆ ಲೋಪಕ್ಕೆ ಗ್ರಂಥಕರ್ತನು ಹೊಣೆಯಲ್ಲ, ಓದುಗನೂ ಹೊಣೆಯಲ್ಲ. ಅನೇಕ ವೇಳೆ ಲೇಖನವು ನಾಶವಾಗಿರುವುದೂ ಇಲ್ಲ. ಅದು ಅದೇ ಸರ್ವರಿನಲ್ಲಿ ಬೇರೊಂದು ಹೆಸರಿನಿಂದ ಕ್ಷೇಮವಾಗಿದ್ದು, ಹಳೆಯ ಹೆಸರನ್ನು ಹಿಡಿದು ಬಂದವನಿಗೆ ಹೊಸ ಹೆಸರನ್ನು ಹೇಳತಕ್ಕವರು ಮಾತ್ರ ಇಲ್ಲವಾಗಿರುತ್ತಾರೆ. ಇದು ವಿರಳವಾದ ಸಂಗತಿಯೆಂದು ಭಾವಿಸಲಾಗದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜೊನಾಥನ್ ಜಿಟ್ರೇನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಉಲ್ಲೇಖಗೊಂಡ ಜಾಲವಿಳಾಸಗಳ ಪೈಕಿ ಸುಮಾರು ಅರ್ಧದಷ್ಟು, ಮೊದಲು ಯಾವ ಸಂಗತಿಯನ್ನು ನಿರ್ದೇಶಿಸಿದ್ದುವೋ ಆ ಸಂಗತಿಯನ್ನು ತೋರಿಸದಂತಾಗಿದ್ದುವು. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳಲ್ಲಿಯೇ ಕೈಗೆಟುಕದಂತಾದುವೆಂದು ಪ್ಯೂ ಸಂಶೋಧನ ಕೇಂದ್ರವು 2024ರಲ್ಲಿ ವರದಿ ಮಾಡಿತು.

ವರ್ಲ್ಡ್ ವೈಡ್ ವೆಬ್ಬಿನ ಜನಕನಾದ ಟಿಮ್ ಬರ್ನರ್ಸ್-ಲೀ 1998ರಲ್ಲಿ ಬರೆದ ಸಣ್ಣದೊಂದು ಟಿಪ್ಪಣಿಯಲ್ಲಿ ಈ ವ್ಯಾಧಿಯ ಮೂಲವನ್ನು ಸ್ಪಷ್ಟವಾಗಿ ತೋರಿಸಿದನು. ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಜನ ಅವುಗಳನ್ನು ಬದಲಾಯಿಸುತ್ತಾರೆ. ವಿಳಾಸದೊಳಗೆ ಲೇಖಕನ ಹೆಸರನ್ನೋ, ಇಲಾಖೆಯ ಹೆಸರನ್ನೋ, ಪುಟವನ್ನು ಸಿದ್ಧಪಡಿಸುವ ತಂತ್ರಾಂಶದ ಗುರುತನ್ನೋ ತುರುಕಿದವರು, ಆ ಲೇಖಕನು ಹೋದಾಗ, ಇಲಾಖೆ ಒಡೆದಾಗ, ತಂತ್ರಾಂಶ ಹಳತಾದಾಗ ವಿಳಾಸವನ್ನೇ ಕಿತ್ತುಹಾಕುವ ಸ್ಥಿತಿಗೆ ಬರುತ್ತಾರೆ. ಇಪ್ಪತ್ತು ವರ್ಷ, ಇನ್ನೂರು ವರ್ಷ ನಿಲ್ಲಬಲ್ಲ ವಿಳಾಸವನ್ನು ಕೊಡುವುದು ಜಾಲತಾಣವನ್ನು ನಡೆಸುವವನ ಕರ್ತವ್ಯವೆಂದು ಆತನು ಬರೆದುದು ಅತಿಶಯವಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ವಿಳಾಸವನ್ನು ಪ್ರಕಟಿಸಿದ ಕ್ಷಣದಲ್ಲಿಯೇ ಅದು ಪ್ರಕಟಿಸಿದವನ ಸ್ವತ್ತಾಗಿ ಉಳಿಯದೆ, ಅದನ್ನು ನಂಬಿ ತಮ್ಮ ಪುಸ್ತಕಗಳಲ್ಲಿ, ಪತ್ರಗಳಲ್ಲಿ, ಪಾಠದ ಟಿಪ್ಪಣಿಗಳಲ್ಲಿ ಬರೆದುಕೊಂಡ ಅಪರಿಚಿತರೆಲ್ಲರ ಸ್ವತ್ತಾಗುತ್ತದೆ. ಹಾಗಿದ್ದರೂ ಜಾಲತಾಣಗಳು ಬೆಳೆಯುತ್ತವೆ, ಕಡತಗಳು ಸ್ಥಳಾಂತರಗೊಳ್ಳುತ್ತವೆ; ಇದನ್ನು ತಡೆಯಲಾಗದು. ಹೆಸರನ್ನು ಸ್ಥಳದಿಂದ ಬೇರ್ಪಡಿಸಿ, ಸ್ಥಳ ಎಷ್ಟು ಸಲ ಬದಲಾದರೂ ಹೆಸರಿಗೆ ಬಾಧೆ ತಟ್ಟದಂತೆ ಕಾಯುವ ಒಂದು ಯಂತ್ರವು ಸರ್ವರಿನ ಒಳಗಿರುವುದರಿಂದ ಮಾತ್ರ ಆ ಕರ್ತವ್ಯದ ನಿರ್ವಹಣೆ ಸಾಧ್ಯವಾಗಿದೆ.

ಬ್ರೌಸರು ಒಂದು ಪುಟವನ್ನು ಬಯಸಿದಾಗ ಸರ್ವರಿಗೆ ಕಳುಹಿಸುವ ಕೋರಿಕೆಯ ಮೊದಲನೆಯ ಸಾಲಿನಲ್ಲಿಯೇ ಆ ಪುಟದ ಹಾದಿ ಇರುತ್ತದೆ. ಪುನರ್ಲೇಖನದ ಯಂತ್ರವು ಆ ಹಾದಿಯನ್ನು, ಕಡತವನ್ನು ಹುಡುಕುವುದಕ್ಕೆ ಮುನ್ನವೇ, ತನ್ನಲ್ಲಿರುವ ನಿಯಮಗಳೊಡನೆ ಹೋಲಿಸಿ ನೋಡಿ, ಹೊಂದಿದ ಕಡೆ ಎರಡು ಕ್ರಮಗಳಲ್ಲಿ ಒಂದನ್ನು ಅನುಸರಿಸುತ್ತದೆ. ಕಚೇರಿಗೆ ಕಾಗದಪತ್ರವೊಂದನ್ನು ಅರಸಿ ಹೋದವನಿಗೆ ಗುಮಾಸ್ತನು ‘ಆ ಶಾಖೆ ಈಗ ಮೇಲಿನ ಮಹಡಿಯಲ್ಲಿದೆ, ಅಲ್ಲಿಗೆ ಹೋಗಿ ಕೇಳಿ’ ಎನ್ನುವುದೊಂದು ಬಗೆ. ಏನನ್ನೂ ಹೇಳದೆ ತಾನೇ ಒಳಗೆ ಹೋಗಿ ಕಾಗದವನ್ನು ತಂದು ಕೈಗೆ ಕೊಡುವುದು ಇನ್ನೊಂದು ಬಗೆ. ಮೊದಲನೆಯದು ರೀಡೈರೆಕ್ಟ್, ಇದರಲ್ಲಿ ಸರ್ವರು ಹೊಸ ವಿಳಾಸವನ್ನು ಉತ್ತರದಲ್ಲಿ ತಿಳಿಸುತ್ತದೆ, ಬ್ರೌಸರು ಮತ್ತೊಮ್ಮೆ ಹೊಸದಾಗಿ ಕೋರುತ್ತದೆ, ಓದುಗನ ಕಣ್ಣೆದುರಿನ ವಿಳಾಸಪಟ್ಟಿಯೂ ಬದಲಾಗುತ್ತದೆ. ಎರಡನೆಯದು ರೀರೈಟ್, ಇಲ್ಲಿ ಬದಲಾವಣೆ ಸರ್ವರಿನ ಅಂತರಂಗದಲ್ಲಿಯೇ ನಡೆದು ಮುಗಿಯುವುದರಿಂದ ಓದುಗನಿಗೆ ಅದರ ಸುಳಿವೇ ಇರುವುದಿಲ್ಲ. ವಿಕಿಪೀಡಿಯದ ಪುಟಗಳ ವಿಳಾಸದಲ್ಲಿ ‘ವಿಕಿ’ ಎಂಬ ಪದದ ಮುಂದೆ ಲೇಖನದ ಶೀರ್ಷಿಕೆ ಮಾತ್ರ ಕಾಣುತ್ತದೆಯಲ್ಲವೆ? ಅಂಥ ಕಡತವು ಸರ್ವರಿನಲ್ಲಿ ಎಲ್ಲಿಯೂ ಇಲ್ಲ. ಶೀರ್ಷಿಕೆಯನ್ನು ಕ್ರಮವಿಧಿಯೊಂದಕ್ಕೆ ಒಪ್ಪಿಸುವ ಅಂತರಂಗದ ಪುನರ್ಲೇಖನವೇ ಆ ಸುಂದರವಾದ ಹೆಸರಿನ ಹಿಂದಿರುವ ರಹಸ್ಯ.

ರೀಡೈರೆಕ್ಟಿನಲ್ಲಿಯೂ ಒಳಭೇದಗಳಿವೆ. 301 ಎಂದರೆ ಸ್ಥಳಾಂತರವು ಶಾಶ್ವತ. 302 ಎಂದರೆ ತಾತ್ಕಾಲಿಕ. ಓದುಗನು ತುಂಬಿ ಕಳುಹಿಸಿದ ನಮೂನೆಯೊಂದು ಈ ಎರಡರ ಮೂಲಕ ಹಾದುಹೋಗುವಾಗ, ಹಳೆಯ ಬ್ರೌಸರುಗಳು ನಮೂನೆಯ ಒಳಗಿನ ಮಾಹಿತಿಯನ್ನು ಬಿಟ್ಟು ಬರಿಯ ಪುಟವನ್ನು ಕೋರುವ ಅಭ್ಯಾಸವನ್ನು ಮಾಡಿಕೊಂಡುದರಿಂದ, ಕೋರಿಕೆಯ ಸ್ವರೂಪವನ್ನು ಬದಲಾಯಿಸಕೂಡದೆಂದು ಖಚಿತವಾಗಿ ಹೇಳುವ 307 ಎಂಬ ಸಂಖ್ಯೆಯನ್ನು 1999ರ ಎಚ್‌ಟಿಟಿಪಿ ನಿರೂಪಣೆಯಲ್ಲಿಯೂ, ಅದರ ಶಾಶ್ವತ ರೂಪವಾದ 308 ಎಂಬುದನ್ನು ಬಹಳ ತಡವಾಗಿಯೂ ಸೇರಿಸಬೇಕಾಯಿತು. 301ನ್ನು ಕೊಡುವಾಗ ಕೈ ಬಿಗಿಯಿರಬೇಕು. ಬ್ರೌಸರು ಅದನ್ನು ನೆನಪಿನಲ್ಲಿಟ್ಟುಕೊಂಡು, ಮುಂದಿನ ಸಲ ಹಳೆಯ ವಿಳಾಸವನ್ನು ಸರ್ವರಿಗೆ ಕೇಳದೆಯೇ ನೇರವಾಗಿ ಹೊಸದಕ್ಕೆ ಹೋಗಬಲ್ಲುದಾದ್ದರಿಂದ, ತಪ್ಪು 301 ಒಂದು ಹೊರಬಿದ್ದ ಮೇಲೆ ಸರ್ವರಿನಲ್ಲಿ ನಿಯಮವನ್ನು ತಿದ್ದಿದರೂ ಓದುಗನ ಯಂತ್ರದಲ್ಲಿ ಆ ತಪ್ಪು ಉಳಿದುಕೊಂಡಿರುತ್ತದೆ. ಪರೀಕ್ಷೆಯೆಲ್ಲ ಮುಗಿಯುವ ತನಕ 302ನ್ನೇ ಬಳಸುವುದು ಅನುಭವಿಗಳ ರೂಢಿ. ಅಪಾಚೆ ಸರ್ವರಿನಲ್ಲಿ ಸಂಖ್ಯೆಯನ್ನು ಹೇಳದೆ ಬಿಟ್ಟರೆ ಸಿಗುವುದೂ 302ನೇ.

ಈ ಅಪಾಚೆ ಸರ್ವರಿನ ಪುನರ್ಲೇಖನ ಯಂತ್ರದ ಹೆಸರು ಮಾಡ್‌-ರೀರೈಟ್. ರಾಲ್ಫ್ ಎಂಗೆಲ್‌ಶಾಲ್ ಎಂಬಾತನು 1996ರ ಏಪ್ರಿಲ್ ತಿಂಗಳಿನಲ್ಲಿ ಇದನ್ನು ಬರೆದು, ಮರುವರ್ಷದ ಜುಲೈಯಲ್ಲಿ ಅಪಾಚೆ ಬಳಗಕ್ಕೆ ಕೊಡುಗೆಯಾಗಿ ಒಪ್ಪಿಸಿದನು. ಇದರ ನಿಯಮವೊಂದು ಹೀಗಿದ್ದೀತು: ^ಲೇಖನ/([0-9]+)$ ಎಂಬುದು ಹೊಂದಿದಲ್ಲಿ /ಬರಹ/$1 ಎಂಬುದಕ್ಕೆ ಕಳುಹಿಸು. ಮೊದಲ ಚಿಹ್ನೆ ಹಾದಿಯ ಆದಿಯನ್ನೂ, ಎಡಭಾಗದ ಕೊನೆಯ ಚಿಹ್ನೆ ಅದರ ಅಂತ್ಯವನ್ನೂ ಸೂಚಿಸುತ್ತವೆ. ಚೌಕ ಆವರಣದೊಳಗಿನದು ಯಾವುದಾದರೂ ಒಂದು ಅಂಕಿ, ಕೂಡಿಸುವ ಚಿಹ್ನೆ ‘ಒಂದಾಗಲಿ ಹಲವಾಗಲಿ’ ಎಂಬ ಅರ್ಥದ್ದು. ದುಂಡು ಆವರಣವು ತಾನು ಹಿಡಿದುದನ್ನು ನೆನಪಿನಲ್ಲಿಟ್ಟುಕೊಂಡು ಬಲಗಡೆಯ $1 ಎಂಬ ಸ್ಥಾನದಲ್ಲಿ ಇಳಿಸುತ್ತದೆ. ಲೇಖನಗಳು ಹತ್ತಿರಲಿ, ಹತ್ತು ಸಾವಿರವಿರಲಿ, ಆ ಒಂದೇ ಸಾಲು ಸಾಕು. ಇಷ್ಟು ಅಲ್ಪವಾದ ಲಿಪಿಯಲ್ಲಿ ಇಷ್ಟು ವಿಸ್ತಾರವಾದ ಅರ್ಥವನ್ನು ಅಡಗಿಸುವ ಈ ಸಂಕೇತಭಾಷೆ ಜಾಲದ ಯುಗದಲ್ಲಿ ಹುಟ್ಟಿದುದಲ್ಲ. ನರಕೋಶಗಳ ಜಾಲವನ್ನು ಗಣಿತದ ಮೂಲಕ ವರ್ಣಿಸಲು ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ಮಾಡಿದ ಪ್ರಯತ್ನವನ್ನು ಮುಂದುವರಿಸುತ್ತ, ಅಂಥ ಜಾಲವು ಯಾವ ಯಾವ ಘಟನಾಪರಂಪರೆಗಳನ್ನು ಗುರುತಿಸಬಲ್ಲುದೆಂಬ ಪ್ರಶ್ನೆಗೆ ಸ್ಟೀಫನ್ ಕ್ಲೀನಿ ಎಂಬ ತರ್ಕಶಾಸ್ತ್ರಜ್ಞನು 1951ರಲ್ಲಿ ಕಂಡುಕೊಂಡು 1956ರಲ್ಲಿ ಅಚ್ಚುಮಾಡಿಸಿದ ಉತ್ತರದಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂಬ ಕಲ್ಪನೆ ಮೈದಳೆಯಿತು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಗಣಕದಲ್ಲಿ ಪದಗಳನ್ನು ಹುಡುಕುವ ಸಾಧನವನ್ನಾಗಿ ಮಾಡಿದನು. ಮೆದುಳಿನ ವಿಚಾರಕ್ಕಾಗಿ ನಡೆದ ಶುದ್ಧ ಗಣಿತಚಿಂತನೆಯು ಕಳೆದುಹೋದ ಪುಟಗಳಿಗೆ ದಾರಿ ತೋರಿಸುವ ಕೆಲಸಕ್ಕೆ ಒದಗಿಬಂದುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವೂ ಸಂತೋಷವೂ ಆಗುತ್ತದೆ.

ಯಂತ್ರದ ನಡೆಯಲ್ಲಿ ಹೊಸಬನನ್ನು ತೊಡಕಿಗೆ ಸಿಕ್ಕಿಸುವ ಅಂಶಗಳಿವೆ. ನಿಯಮದ ಮೇಲಿನ ಸಾಲಿನಲ್ಲಿ ‘ಅಂಥ ಕಡತವು ನಿಜವಾಗಿ ಇಲ್ಲದಿದ್ದರೆ’ ಎಂಬಂತಹ ಷರತ್ತನ್ನು ಬರೆಯುತ್ತೇವೆ. ಯಂತ್ರವಾದರೋ ಮೊದಲು ಕೆಳಗಿನ ನಿಯಮದ ಮಾದರಿಯನ್ನು ಹೋಲಿಸಿ, ಹೊಂದಿತೆಂದಾದರೆ ಮಾತ್ರ ಮೇಲಕ್ಕೆ ಬಂದು ಷರತ್ತನ್ನು ಪರಿಶೀಲಿಸುತ್ತದೆ. ಪ್ರಶ್ನಚಿಹ್ನೆಯ ಮುಂದಿನ ಭಾಗವನ್ನು ನಿಯಮದ ಮಾದರಿಯು ನೋಡುವುದೇ ಇಲ್ಲ, ಅದಕ್ಕೆ ಪ್ರತ್ಯೇಕವಾದ ಷರತ್ತು ಬೇಕು. # ಚಿಹ್ನೆಯ ಮುಂದಿನದಂತೂ ಬ್ರೌಸರನ್ನು ಬಿಟ್ಟು ಹೊರಡುವುದೇ ಇಲ್ಲ. ಕಡತಕೋಶದೊಳಗೆ ಇರಿಸಿದ ನಿಯಮಗಳಲ್ಲಿ ‘ಇದೇ ಕೊನೆ’ ಎಂಬ ಗುರುತನ್ನು ಹಾಕಿದರೂ, ಬದಲಾದ ಹಾದಿಯು ಪುನಃ ಮೊದಲಿನಿಂದ ಅದೇ ನಿಯಮಗಳ ಎದುರಿಗೆ ಬಂದು ನಿಲ್ಲುತ್ತದೆ. ^ಲೇಖನ/(.*)$ ಎಂಬುದನ್ನು /ಲೇಖನ/ಹೊಸ/$1 ಎಂಬಲ್ಲಿಗೆ ರೀಡೈರೆಕ್ಟಿನ ಮೂಲಕ ಕಳುಹಿಸುವ ನಿಯಮವನ್ನು ಗಮನಿಸಿರಿ: ಹೊಸ ವಿಳಾಸವೂ ‘ಲೇಖನ’ ಎಂದೇ ಆರಂಭವಾಗುವುದರಿಂದ ಅದೇ ನಿಯಮ ಮತ್ತೆ ಹೊಂದಿ, ಹೊಸ/ಹೊಸ/ಹೊಸ ಎಂದು ವಿಳಾಸವು ಬೆಳೆಯುತ್ತಲೇ ಹೋಗಿ, ಸುಮಾರು ಇಪ್ಪತ್ತು ಸಲ ಸುತ್ತಿದ ಬ್ರೌಸರು ಪ್ರಯತ್ನವನ್ನು ಕೈಬಿಡುತ್ತದೆ.

ಕನ್ನಡದಲ್ಲಿ ವಿಳಾಸಗಳನ್ನು ಬರೆಯುವ ನಮಗೆ ವಿಶೇಷವಾಗಿ ಅನ್ವಯಿಸುವ ಸೂಕ್ಷ್ಮಗಳು ಬೇರೆ ಇವೆ. ಇಂಗ್ಲಿಷಿನ ಕೈಪಿಡಿಗಳು ಅವುಗಳನ್ನು ಪ್ರಸ್ತಾಪಿಸದಿರುವುದರಿಂದ ಇಲ್ಲಿ ತುಸು ನಿಂತು ನೋಡುವುದು ಉಚಿತ. ಯೂನಿಕೋಡಿನ ಯುಟಿಎಫ್‌-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ವಿಳಾಸವಾಗಿ ಪಯಣಿಸುವಾಗ ಪ್ರತಿ ಬೈಟೂ ಒಂದು % ಚಿಹ್ನೆಯಾಗಿಯೂ ಎರಡು ಅಂಕಾಕ್ಷರಗಳಾಗಿಯೂ ಬಿಡಿಸಲ್ಪಡುತ್ತದೆ. ‘ಕನ್ನಡ’ ಎಂಬ ಮೂರಕ್ಷರದ ಪದವು, ಒತ್ತಿನ ಹಲಂತವನ್ನೂ ಸೇರಿಸಿದರೆ ಐದು ಸಂಕೇತಗಳಾಗಿ, ಹದಿನೈದು ಬೈಟುಗಳಾಗಿ, ತಂತಿಯ ಮೇಲೆ 45 ಚಿಹ್ನೆಗಳಾಗಿ ಹರಿಯುತ್ತದೆ. ಮಾಡ್‌-ರೀರೈಟ್ ಯಂತ್ರವು ನಿಯಮವನ್ನು ಹೋಲಿಸುವ ಮೊದಲೇ ಇದನ್ನು ಬಿಚ್ಚಿಕೊಳ್ಳುವುದರಿಂದ ನಿಯಮದಲ್ಲಿ ಕನ್ನಡವನ್ನು ಕನ್ನಡವಾಗಿಯೇ ಬರೆಯಬಹುದು. ರೀಡೈರೆಕ್ಟಿನ ಉತ್ತರವನ್ನು ಕಳುಹಿಸುವಾಗ ಅದೇ ಮತ್ತೆ ಬಿಡಿಸಿ ಬರೆಯುತ್ತದೆ. ಆದಕಾರಣ ಗಮ್ಯಸ್ಥಾನವನ್ನು ನಾವೇ ಮುಂಚಿತವಾಗಿ ಬಿಡಿಸಿಕೊಟ್ಟರೆ % ಚಿಹ್ನೆಯು ಇನ್ನೊಮ್ಮೆ ಬಿಡಿಸಲ್ಪಟ್ಟು %25 ಆಗಿ, ವಿಳಾಸವು ಯಾರಿಗೂ ತಿಳಿಯದ ರೂಪಕ್ಕೆ ತಿರುಗುತ್ತದೆ. ಹಾಗಾಗಬಾರದೆಂದು ಹೇಳುವ ಗುರುತೊಂದು ಯಂತ್ರದಲ್ಲಿದೆ, ಅದನ್ನು ಮರೆಯಲಾಗದು.

ಇದಕ್ಕಿಂತ ಗೂಢವಾದುದು ಸ್ವರಚಿಹ್ನೆಗಳ ಸಂಗತಿ. ‘ಕೋ’ ಎಂಬ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಒಕಾರದ ಮುಂದೆ ದೀರ್ಘದ ಗುರುತನ್ನು ಬೇರೆಯಾಗಿ ಇಟ್ಟೂ ಬರೆಯಬಹುದು. ಯೂನಿಕೋಡು ಎರಡನ್ನೂ ಸಮಾನವೆಂದು ಪರಿಗಣಿಸುತ್ತದೆ, ಪರದೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣಬೇಕಾದುವು. ಬೈಟುಗಳನ್ನು ಮಾತ್ರ ಬಲ್ಲ ನಿಯಮಕ್ಕಾದರೋ ಅವು ಎರಡು ಭಿನ್ನ ಪದಗಳು. ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ ಅರ್ಧಾಕ್ಷರವನ್ನು ಒತ್ತಾಗಿ ಬೆಸೆಯದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದಿದೆ. ಒಬ್ಬನು ಅದನ್ನು ಸೇರಿಸಿ, ಇನ್ನೊಬ್ಬನು ಸೇರಿಸದೆ ಬೆರಳಚ್ಚಿಸುತ್ತಾನೆ. ಕನ್ನಡದ ಶೀರ್ಷಿಕೆಗಳನ್ನು ವಿಳಾಸವಾಗಿ ಬಳಸುವ ಜಾಲತಾಣವು ಪ್ರಕಟಣೆಯ ವೇಳೆಯಲ್ಲಿಯೇ ಎಲ್ಲವನ್ನೂ ಒಂದು ಪ್ರಮಾಣರೂಪಕ್ಕೆ ತಂದು, ಇತರ ರೂಪಗಳಿಂದ ಬಂದವರನ್ನು 301ರ ಮೂಲಕ ಅಲ್ಲಿಗೆ ಕರೆದೊಯ್ಯುವುದು, ನನ್ನ ಅಭಿಪ್ರಾಯದಲ್ಲಿ, ಕಾಗುಣಿತವನ್ನು ತಿದ್ದುವಷ್ಟೇ ಅವಶ್ಯವಾದ ಸಂಪಾದನ ಕಾರ್ಯ.

ಮಾದರಿಯನ್ನು ಸಡಿಲವಾಗಿ ಬರೆದರೆ ಒದಗುವ ವಿಪತ್ತು ದಾರಿ ತಪ್ಪುವುದರಲ್ಲಿಯೇ ಮುಗಿಯುವುದಿಲ್ಲ. ಇಂದಿನ ಬಹುತೇಕ ಯಂತ್ರಗಳು ಮಾದರಿಯೊಂದು ಹೊಂದದಿದ್ದಾಗ ಹಿಂದಕ್ಕೆ ಹೆಜ್ಜೆಯಿಟ್ಟು ಬೇರೆ ಬೇರೆ ವಿಂಗಡಣೆಗಳನ್ನು ಪ್ರಯತ್ನಿಸುತ್ತವೆ. ಪ್ರತಿಕೂಲವಾದ ಪಠ್ಯವು ಎದುರಾದರೆ ಆ ಪ್ರಯತ್ನಗಳ ಸಂಖ್ಯೆ ಊಹೆಗೆ ಮೀರುತ್ತದೆ. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ ಜಾಲತಾಣವು 34 ನಿಮಿಷ ಸ್ತಬ್ಧವಾದುದು ಈ ಕಾರಣದಿಂದಲೇ. ಸಾಲಿನ ಹಿಂದುಮುಂದಿನ ತೆರಪನ್ನು ಕತ್ತರಿಸುವ ಒಂದು ಸಾಧಾರಣವಾದ ಮಾದರಿಯ ಎದುರಿಗೆ, ಸಾಲಿನ ಮಧ್ಯದಲ್ಲಿ ಸುಮಾರು 20,000 ಖಾಲಿ ಸ್ಥಾನಗಳಿದ್ದ ಬರಹವೊಂದು ಬಂದಿತು. ಮೊದಲನೆಯ ತೆರಪಿನಿಂದ ಹೊರಟು ಕೊನೆಯನ್ನು ಮುಟ್ಟಿ ಸೋತು, ಎರಡನೆಯದರಿಂದ ಹೊರಟು ಸೋತು, ಹೀಗೆ ಒಟ್ಟು ಸುಮಾರು 20 ಕೋಟಿ ಹೋಲಿಕೆಗಳನ್ನು ಯಂತ್ರವು ಮಾಡಬೇಕಾಯಿತು. ಅದು ವಿಳಾಸದ ನಿಯಮವಾಗಿರಲಿಲ್ಲವೆಂಬುದು ನಿಜ, ಆದರೆ ಸಂಕೇತಭಾಷೆ ಇದೇ, ಯಂತ್ರದ ಸ್ವಭಾವವೂ ಇದೇ. ವಿಳಾಸದ ನಿಯಮಗಳು ಸರ್ವರಿಗೆ ಬರುವ ಪ್ರತಿಯೊಂದು ಕೋರಿಕೆಯ ಎದುರಿಗೂ ನಿಲ್ಲತಕ್ಕವು. ಆದ್ದರಿಂದ ‘ಏನಾದರೂ, ಎಷ್ಟಾದರೂ’ ಎಂಬ ಅರ್ಥದ ಮಾದರಿಯನ್ನು ಬರೆಯುವ ಬದಲು, ‘ಅಂಕಿಗಳು ಮಾತ್ರ’ ಅಥವಾ ‘ಓರೆಗೆರೆಯೊಂದನ್ನು ಬಿಟ್ಟು ಉಳಿದುವು’ ಎಂದು ಇಕ್ಕಟ್ಟಾಗಿ ಬರೆಯುವುದು ಲೇಸು. ಮಾದರಿಯೇ ಬೇಡವಾದಲ್ಲಿ ಅದನ್ನು ಬಿಡುವುದು ಇನ್ನೂ ಲೇಸು. ಒಂದು ಹಳೆಯ ವಿಳಾಸಕ್ಕೆ ಒಂದು ಹೊಸ ವಿಳಾಸ ಎಂಬಷ್ಟೇ ಪ್ರಸಂಗವಿದ್ದರೆ ಅಪಾಚೆಯಲ್ಲಿ ‘ರೀಡೈರೆಕ್ಟ್’ ಎಂಬ ಸರಳ ಆಜ್ಞೆಯಿದೆ. ರಷ್ಯದ ಈಗೊರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್-ಎಕ್ಸ್ ಸರ್ವರಿನಲ್ಲಿಯೂ ನೇರವಾಗಿ ಉತ್ತರವನ್ನು ಹಿಂದಿರುಗಿಸುವ ಆಜ್ಞೆಯೊಂದಿದೆ.

ಗಮ್ಯಸ್ಥಾನವನ್ನು ಕೋರಿಕೆಯೊಳಗಿಂದಲೇ ಎತ್ತಿಕೊಂಡು ‘ನೀನು ಹೇಳಿದಲ್ಲಿಗೆ ಕಳುಹಿಸುತ್ತೇನೆ’ ಎನ್ನುವ ನಿಯಮವನ್ನಂತೂ ಎಂದಿಗೂ ಬರೆಯಲಾಗದು. ಜನರು ನಂಬುವ ಜಾಲತಾಣದ ಹೆಸರನ್ನು ಮುಂದಿಟ್ಟು, ಅದರ ಬೆನ್ನಿಗೆ ತಮ್ಮ ವಿಳಾಸವನ್ನು ಅಂಟಿಸಿ, ಓದುಗರನ್ನು ತಮ್ಮ ಬಲೆಗೆ ಸೆಳೆಯುವ ವಂಚಕರಿಗೆ ಅದು ತೆರೆದ ಬಾಗಿಲು.

ಇನ್ನು ಈ ನಿಯಮಗಳನ್ನು ಎಷ್ಟು ಕಾಲ ಉಳಿಸಬೇಕೆಂಬ ಪ್ರಶ್ನೆ. ಹಳೆಯ ವಿಳಾಸದಿಂದ ಹೊಸದಕ್ಕೆ, ಅಲ್ಲಿಂದ ಇನ್ನೂ ಹೊಸದಕ್ಕೆ ಎಂದು ಪ್ರತಿ ಬದಲಾವಣೆಯ ಸಂದರ್ಭದಲ್ಲಿಯೂ ಒಂದೊಂದು ಕೊಂಡಿಯನ್ನು ಜೋಡಿಸುತ್ತ ಹೋದರೆ ಓದುಗನು ನಾಲ್ಕು ಕಡೆ ಅಲೆಯಬೇಕಾಗುವುದರಿಂದ, ಪ್ರತಿ ಬಾರಿಯೂ ಹಿಂದಿನ ನಿಯಮಗಳನ್ನೆಲ್ಲ ತಿದ್ದಿ ನೇರವಾಗಿ ಅಂತಿಮ ವಿಳಾಸಕ್ಕೆ ತಿರುಗಿಸಬೇಕು. ಸರ್ವರಿನ ದಾಖಲೆಗಳಲ್ಲಿ ಹಳೆಯ ವಿಳಾಸಕ್ಕೆ ಒಂದಾದರೂ ಕೋರಿಕೆ ಬರುತ್ತಿರುವ ತನಕ ಆ ಸಾಲನ್ನು ಅಳಿಸತಕ್ಕದ್ದಲ್ಲ. ಲೇಖನವನ್ನೇ ಉದ್ದೇಶಪೂರ್ವಕವಾಗಿ ಹಿಂತೆಗೆದುಕೊಂಡಿದ್ದರೆ, ಓದುಗನನ್ನು ಸಂಬಂಧವಿಲ್ಲದ ಮುಖಪುಟಕ್ಕೆ ತಂದು ಬಿಡದೆ, 410 ಎಂಬ ಸಂಖ್ಯೆಯಿಂದ ‘ಇದು ಇತ್ತು, ಈಗ ತೆಗೆದುಹಾಕಲಾಗಿದೆ’ ಎಂದು ತಿಳಿಸಬೇಕು. ಮಾಡ್‌-ರೀರೈಟ್ ಯಂತ್ರದಲ್ಲಿ ಅದಕ್ಕೆ ಒಂದೇ ಅಕ್ಷರದ ಗುರುತು ಸಾಕಾಗುತ್ತದೆ.